ವಾಲ್ಟ್ ಡಿಸ್ನಿ ಮತ್ತು ಆತನ ಸಂಗಡಿಗರು

ಲೋಕದಲ್ಲಿ ಕೆಲವರ ಹೆಸರುಗಳು ಮನುಷ್ಯರ ಹೆಸರುಗಳಾಗಿ ಉಳಿಯದೆ ಮುದ್ರೆಗಳಾಗಿಬಿಡುತ್ತವೆ. ವಾಲ್ಟ್ ಡಿಸ್ನಿ ಎಂಬುದು ಅಂಥ ಒಂದು ಹೆಸರು. ಕೆಂಪು ಚಡ್ಡಿ ತೊಟ್ಟ, ದುಂಡನೆಯ ಎರಡು ಕಿವಿಗಳುಳ್ಳ ಇಲಿಯ ಚಿತ್ರವನ್ನು ತೋರಿಸಿದರೆ ನಮ್ಮ ಹಳ್ಳಿಯ ಮಗುವೂ ಅದರ ಹೆಸರನ್ನು ಹೇಳಬಲ್ಲುದು. ಅದನ್ನು ಸೃಷ್ಟಿಸಿದವರು ಯಾರೆಂದು ಕೇಳಿದರೆ ಓದುಬಲ್ಲವರೆಲ್ಲರೂ ಡಿಸ್ನಿಯ ಹೆಸರನ್ನು ಹೇಳುತ್ತಾರೆ. ಆದರೆ ಆ ಇಲಿಗೆ ಮೊದಲು ರೂಪು ಕೊಟ್ಟು ಕುಣಿಸಿದ ಕೈ ಡಿಸ್ನಿಯದಲ್ಲ. ಹಾಗಾದರೆ ಆತನಿಗೆ ಸಂದಿರುವ ಕೀರ್ತಿಯಲ್ಲಿ ನ್ಯಾಯವಾಗಿ ಆತನದೆಷ್ಟು, ಸಂಗಡಿಗರದೆಷ್ಟು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಡಿಸ್ನಿಯ ಜೀವನವನ್ನು ಸಂಗ್ರಹವಾಗಿ ವಾಚಕರಿಗೆ ನಿವೇದಿಸುವುದು ಈ ಲೇಖನದ ಉದ್ದೇಶ.

ವಾಲ್ಟರ್ ಎಲಿಯಾಸ್ ಡಿಸ್ನಿಯು 1901ನೆಯ ಇಸವಿ ಡಿಸೆಂಬರ್ 5ರಂದು ಅಮೆರಿಕದ ಶಿಕಾಗೊ ನಗರದಲ್ಲಿ ಜನಿಸಿದನು. ತಂದೆ ಎಲಿಯಾಸ್ ಕಷ್ಟಜೀವಿ. ಹಿಡಿದ ಕೆಲಸದಲ್ಲೆಲ್ಲ ನಷ್ಟವನ್ನೇ ಕಂಡವನು. 1906ರಲ್ಲಿ ಸಂಸಾರವು ಮಿಸೌರಿ ಪ್ರಾಂತದ ಮಾರ್ಸಲೀನ್ ಎಂಬ ಸಣ್ಣ ಊರಿಗೆ ಹೋಗಿ ಬೇಸಾಯ ಹೂಡಿತು. ಹಂದಿ, ಕೋಳಿ, ಕುದುರೆಗಳ ನಡುವೆ ಕಳೆದ ಆ ನಾಲ್ಕೈದು ವರ್ಷಗಳೇ ವಾಲ್ಟನ ಬಾಲ್ಯದ ಸಂತೋಷದ ಕಾಲ. ಬೇಸಾಯವೂ ಕೈಹತ್ತದೆ 1911ರಲ್ಲಿ ಅವರು ಕಾನ್ಸಾಸ್ ಸಿಟಿಗೆ ವಲಸೆ ಹೋದರು. ಅಲ್ಲಿ ತಂದೆಯು ಪತ್ರಿಕೆ ಹಂಚುವ ಗುತ್ತಿಗೆಯನ್ನು ಹಿಡಿದನು. ಒಂಬತ್ತು ವರ್ಷದ ಬಾಲಕನು ಬೆಳಗಿನ ಜಾವ ಮೂರೂವರೆ ಗಂಟೆಗೆ ಎದ್ದು, ಹಿಮ ಬೀಳುತ್ತಿದ್ದ ಬೀದಿಗಳಲ್ಲಿ ಮನೆಮನೆಗೆ ಪತ್ರಿಕೆಗಳನ್ನು ಮುಟ್ಟಿಸಿ, ಆ ಮೇಲೆ ಶಾಲೆಗೆ ಹೋಗಬೇಕಾಗಿತ್ತು. ಆ ದುಡಿಮೆಗೆ ತಂದೆಯು ಮಗನಿಗೆ ಕೂಲಿ ಕೊಡುತ್ತಿರಲಿಲ್ಲ. ದುಡಿದವನೊಬ್ಬ, ಫಲ ಪಡೆದವನೊಬ್ಬ ಎಂಬ ಅನುಭವವು ವಾಲ್ಟನಿಗೆ ಇಷ್ಟು ಎಳೆಯ ವಯಸ್ಸಿನಲ್ಲಿಯೇ ಆಗಿತ್ತೆಂಬುದನ್ನು ನಾವು ನೆನಪಿನಲ್ಲಿಡಬೇಕು.

ಹೈಸ್ಕೂಲಿನ ವಿದ್ಯಾಭ್ಯಾಸವನ್ನು ಆತನು ಪೂರೈಸಲಿಲ್ಲ. ಮೊದಲನೆಯ ಮಹಾಯುದ್ಧ ಮುಗಿಯುತ್ತಿದ್ದಾಗ, ವಯಸ್ಸು ಸಾಲದೆ ಹುಟ್ಟಿದ ವರ್ಷವನ್ನು ತಿದ್ದಿ ರೆಡ್ ಕ್ರಾಸ್ ಸಂಸ್ಥೆಯನ್ನು ಸೇರಿದನು. ಫ್ರಾನ್ಸ್ ದೇಶಕ್ಕೆ ಹೋಗಿ ತಲಪುವ ವೇಳೆಗೆ ಯುದ್ಧವು ನಿಂತಿತ್ತು. ಅಲ್ಲಿ ಕೆಲವು ಕಾಲ ಆಂಬುಲೆನ್ಸ್ ನಡೆಸಿ, 1919ರಲ್ಲಿ ಹಿಂದಿರುಗಿ ಕಾನ್ಸಾಸ್ ಸಿಟಿಯ ಚಿತ್ರಶಾಲೆಯೊಂದರಲ್ಲಿ ಜಾಹೀರಾತಿನ ಚಿತ್ರ ಬರೆಯುವ ಕೆಲಸಕ್ಕೆ ಸೇರಿದನು. ಅಲ್ಲಿ ಆತನಿಗೆ ಅಬ್ ಐವರ್ಕ್ಸ್ ಎಂಬ ಸಮವಯಸ್ಕನ ಪರಿಚಯವಾಯಿತು. ಐವರ್ಕ್ಸನು ಮಿತಭಾಷಿ, ಸಂಕೋಚದ ಸ್ವಭಾವದವನು. ಆದರೆ ಆತನ ಕೈ ಯಂತ್ರದಂತೆ ವೇಗವಾಗಿ, ತಪ್ಪಿಲ್ಲದೆ ಓಡುತ್ತಿತ್ತು. ವಾಲ್ಟನ ಕೈ ಸಾಧಾರಣ. ಆದರೆ ಮಾತು, ಧೈರ್ಯ, ಕನಸುಗಳಿಗೆ ಕೊನೆಯಿರಲಿಲ್ಲ. 1920ರಲ್ಲಿ ಇಬ್ಬರೂ ಕೂಡಿ ತೆರೆದ ಅಂಗಡಿಯು ಬಹುಬೇಗ ಮುಚ್ಚಿತು. ವಾಲ್ಟನು 1922ರಲ್ಲಿ ಸ್ಥಾಪಿಸಿದ ಲಾಫ್-ಓ-ಗ್ರಾಮ್ ಎಂಬ ಕಾರ್ಟೂನು ಚಿತ್ರಗಳ ಕಂಪನಿಯು ಮರುವರ್ಷವೇ ದಿವಾಳಿಯಾಯಿತು. ಇಪ್ಪತ್ತೆರಡು ತುಂಬದ ಯುವಕನು ಬರಿಗೈಯಲ್ಲಿ ರೈಲು ಹತ್ತಿ ಹಾಲಿವುಡ್ಡಿಗೆ ಹೋದನು.

ಲಾಸ್ ಏಂಜಲೀಸಿನಲ್ಲಿ ಎಂಟು ವರ್ಷ ಹಿರಿಯನಾದ ಅಣ್ಣ ರಾಯ್ ಕ್ಷಯರೋಗದಿಂದ ಚೇತರಿಸಿಕೊಳ್ಳುತ್ತ ಆಸ್ಪತ್ರೆಯಲ್ಲಿದ್ದನು. 1923ರ ಅಕ್ಟೋಬರ್‌ನಲ್ಲಿ ಮಾರ್ಗರೆಟ್ ವಿಂಕ್ಲರ್ ಎಂಬ ವಿತರಕಿಯೊಡನೆ ಒಪ್ಪಂದವಾಯಿತು. ರಾಯ್ ಹಾಸಿಗೆ ಬಿಟ್ಟೆದ್ದು ತಮ್ಮನ ಲೆಕ್ಕಪತ್ರಗಳನ್ನು ವಹಿಸಿಕೊಂಡನು. ಅಂದು ಹಿಡಿದ ಲೆಕ್ಕದ ಪುಸ್ತಕವನ್ನು ಕೊನೆಯವರೆಗೂ ಬಿಡಲಿಲ್ಲ. ಸಂಸ್ಥೆಗೆ ಮೊದಲಿಟ್ಟ ಹೆಸರು ಡಿಸ್ನಿ ಸಹೋದರರ ಸ್ಟುಡಿಯೊ ಎಂದು. 1926ರಲ್ಲಿ ಅದು ವಾಲ್ಟ್ ಡಿಸ್ನಿ ಸ್ಟುಡಿಯೊ ಆಯಿತು. ಒಂದು ಹೆಸರು ಉಳಿದ ಹೆಸರುಗಳನ್ನು ಮರೆಮಾಡುವ ಕಾರ್ಯವು ಹೀಗೆ ಸ್ವಂತ ಅಣ್ಣನಿಂದಲೇ ಆರಂಭವಾಯಿತೆನ್ನಬಹುದು. ಈ ಮಧ್ಯೆ 1924ರಲ್ಲಿ ಐವರ್ಕ್ಸನು ಬಂದು ಸೇರಿಕೊಂಡನು. ತನಗಿಂತ ಉತ್ತಮರು ಸಿಕ್ಕಿದ್ದನ್ನು ಕಂಡು ವಾಲ್ಟನು ಚಲಿಸುವ ಚಿತ್ರಗಳನ್ನು ತಾನೇ ಬರೆಯುವುದನ್ನು ನಿಲ್ಲಿಸಿಬಿಟ್ಟನು. 1925ರಲ್ಲಿ ಅದೇ ಸ್ಟುಡಿಯೊದಲ್ಲಿ ಮಸಿ ತೀಡುವ ಕೆಲಸದಲ್ಲಿದ್ದ ಲಿಲಿಯನ್ ಎಂಬಾಕೆಯನ್ನು ಮದುವೆಯಾದನು.

1927ರಲ್ಲಿ ಈ ಗೆಳೆಯರು ಆಸ್ವಾಲ್ಡ್ ಎಂಬ ಮೊಲವನ್ನು ಸೃಷ್ಟಿಸಿದರು. ಮೊಲವು ಜನಪ್ರಿಯವಾಯಿತು. ಹೆಚ್ಚಿನ ಹಣ ಕೇಳಲೆಂದು 1928ರ ಆದಿಯಲ್ಲಿ ವಾಲ್ಟನು ನ್ಯೂಯಾರ್ಕಿಗೆ ಹೋದಾಗ, ವಿತರಕನಾದ ಚಾರ್ಲ್ಸ್ ಮಿಂಟ್ಸನು ಹಣ ಹೆಚ್ಚಿಸುವ ಬದಲು ಕಡಮೆ ಮಾಡುವುದಾಗಿ ತಿಳಿಸಿದನು. ಮೊಲದ ಹಕ್ಕು ಯೂನಿವರ್ಸಲ್ ಕಂಪನಿಯದು. ಡಿಸ್ನಿಯ ಚಿತ್ರಕಾರರಲ್ಲಿ ಹೆಚ್ಚಿನವರನ್ನು ಮಿಂಟ್ಸನು ಗುಟ್ಟಾಗಿ ತನ್ನ ಕಡೆಗೆ ಸೆಳೆದುಕೊಂಡಿದ್ದನು. ಬರಲೊಪ್ಪದೆ ಉಳಿದವರಲ್ಲಿ ಮುಖ್ಯನು ಐವರ್ಕ್ಸ್. ತಾನು ಸಾಕಿದ ಮೊಲವು ಕಾಗದದ ಮೇಲೆ ಮತ್ತೊಬ್ಬನದಾಗಿದ್ದುದನ್ನು ಕಂಡು ವಾಲ್ಟನು ಬರಿಗೈಯಲ್ಲಿ ಹಿಂದಿರುಗಿದನು. ಮುಂದೆ ಯಾವ ಸೃಷ್ಟಿಯ ಒಡೆತನವನ್ನೂ ಪರರಿಗೆ ಬಿಟ್ಟುಕೊಡಬಾರದೆಂಬ ಪಾಠವನ್ನು ಆತನು ಅಂದು ಕಲಿತನು.

ಇಲ್ಲಿಂದ ಮಿಕ್ಕಿ ಮೌಸ್ ಕಥೆಯು ಆರಂಭವಾಗುತ್ತದೆ. ಮನೆಗೆ ಮರಳುವಾಗ ರೈಲಿನಲ್ಲಿಯೇ ವಾಲ್ಟನಿಗೆ ಇಲಿಯ ಕಲ್ಪನೆ ಹೊಳೆಯಿತೆಂದು ಆಮೇಲೆ ಪ್ರಚಾರವಾಯಿತು. ಕೇಳಲು ಇಂಪಾದ ಕಥೆ. ನಡೆದುದು ಇಷ್ಟು ಸರಳವಲ್ಲ. ವಾಲ್ಟನೂ ಐವರ್ಕ್ಸನೂ ಒಟ್ಟಿಗೆ ಕುಳಿತು ಆಲೋಚಿಸಿದರು. ರೂಪವನ್ನು ಬರೆದವನು ಐವರ್ಕ್ಸ್. ವಾಲ್ಟನು ಇಡಬಯಸಿದ ಮಾರ್ಟಿಮರ್ ಎಂಬ ಹೆಸರು ಹಿಡಿಸದೆ ಮಿಕ್ಕಿ ಎಂಬ ಹೆಸರನ್ನು ಸೂಚಿಸಿದವಳು ಲಿಲಿಯನ್ ಎಂದು ಹೇಳುತ್ತಾರೆ. ಮೊದಲನೆಯ ಚಿತ್ರವಾದ ಪ್ಲೇನ್ ಕ್ರೇಜಿಯನ್ನು, ಬಿಟ್ಟುಹೋಗಲಿದ್ದವರ ಕಣ್ಣಿಗೆ ಬೀಳದಂತೆ, ಐವರ್ಕ್ಸನು ಹೆಚ್ಚುಕಡಮೆ ಒಬ್ಬನೇ ಬರೆದನು. ದಿನಕ್ಕೆ 700 ಚಿತ್ರಗಳವರೆಗೆ ಬರೆದನೆಂದು ಪ್ರತೀತಿ. ಅವನ್ನು ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ತೀಡಿ ಬಣ್ಣ ತುಂಬಿದವರು ಲಿಲಿಯನ್, ಆಕೆಯ ಅಕ್ಕ ಹೇಜಲ್, ರಾಯ್‌ನ ಹೆಂಡತಿ ಎಡ್ನಾ. ಕೆಲಸ ನಡೆದುದು ವಾಲ್ಟನ ಮನೆಯ ಗ್ಯಾರೇಜಿನಲ್ಲಿ. ಈ ಮೂಕಚಿತ್ರವನ್ನು ಕೊಳ್ಳಲು ವಿತರಕರಾರೂ ಮುಂದೆ ಬರಲಿಲ್ಲ.

ಆ ಹೊತ್ತಿಗೆ ಮಾತನಾಡುವ ಚಿತ್ರಗಳು ಬಂದಿದ್ದವು. ಇಲಿಗೂ ಧ್ವನಿ ಬೇಕೆಂದು ವಾಲ್ಟನು ಹಟ ಹಿಡಿದನು. ಚಿತ್ರಕ್ಕೂ ಸಂಗೀತಕ್ಕೂ ತಾಳ ಕೂಡಿಸುವುದು ಹೇಗೆ? ಸ್ಟುಡಿಯೊಗೆ ಹೊಸದಾಗಿ ಸೇರಿದ್ದ ವಿಲ್‌ಫ್ರೆಡ್ ಜ್ಯಾಕ್ಸನ್ ಎಂಬ ಯುವಕನ ತಾಯಿ ಪಿಯಾನೊ ಕಲಿಸುವವಳು; ಮನೆಯಲ್ಲಿ ಲಯವನ್ನು ಅಳೆಯುವ ಮೆಟ್ರೊನೋಮ್ ಇತ್ತು. ಅದರ ಸಹಾಯದಿಂದ ಎಷ್ಟು ಚಿತ್ರಗಳಿಗೆ ಎಷ್ಟು ಪೆಟ್ಟು ಎಂಬ ಲೆಕ್ಕವನ್ನು ಆತನು ಹಾಕಿಕೊಟ್ಟನು. ನ್ಯೂಯಾರ್ಕಿನಲ್ಲಿ ಮೊದಲ ಸಲ ಮಾಡಿದ ಧ್ವನಿಮುದ್ರಣವು ಕೆಟ್ಟುಹೋಯಿತು. ಎರಡನೆಯ ಸಲಕ್ಕೆ ಹಣ ಸಾಲದೆ ವಾಲ್ಟನು ತನ್ನ ಕಾರನ್ನು ಮಾರಿಸಿದನು. ಸ್ಟೀಮ್‌ಬೋಟ್ ವಿಲ್ಲಿ ಎಂಬ ಆ ಚಿತ್ರವು 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲೊನಿ ಚಿತ್ರಮಂದಿರದಲ್ಲಿ ತೆರೆಕಂಡಿತು, ಜನ ಮುಗಿಬಿದ್ದರು. ಮಿಕ್ಕಿಯ ಕೀಚಲು ಕಂಠ ವಾಲ್ಟನದೇ. 1947ರ ಸುಮಾರಿನವರೆಗೆ ಆತನೇ ಆ ಇಲಿಗೆ ಧ್ವನಿ ಕೊಟ್ಟನು. ಆ ಮೊದಲ ಚಿತ್ರಗಳ ಶೀರ್ಷಿಕೆಯಲ್ಲಿ ವಾಲ್ಟನ ಹೆಸರಿನ ಕೆಳಗೆ ಐವರ್ಕ್ಸನ ಹೆಸರೂ ಇತ್ತೆಂಬುದು ಗಮನಾರ್ಹ.

1930ರ ಜನವರಿಯಲ್ಲಿ ಐವರ್ಕ್ಸನು ತನ್ನ ಶೇಕಡ 20ರ ಪಾಲನ್ನು 3000 ಡಾಲರಿಗೂ ಕಡಮೆ ಮೊತ್ತಕ್ಕೆ ಬಿಟ್ಟುಕೊಟ್ಟು ಹೊರಟುಹೋದನು. ಮತ್ತೊಬ್ಬ ಬಂಡವಾಳಗಾರನು ಆತನಿಗೆ ಸ್ವಂತ ಸ್ಟುಡಿಯೊದ ಆಸೆ ತೋರಿಸಿದ್ದನು. ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ದೊರೆಯಲಾರದು. ಕೈಯೇ ಎಲ್ಲವೂ ಆಗಿದ್ದರೆ ಐವರ್ಕ್ಸನು ಗೆಲ್ಲಬೇಕಾಗಿತ್ತು, ಡಿಸ್ನಿಯು ಸೋಲಬೇಕಾಗಿತ್ತು. ಆದುದು ಅದಲ್ಲ. ಐವರ್ಕ್ಸನು ಸೃಷ್ಟಿಸಿದ ಫ್ಲಿಪ್ ಎಂಬ ಕಪ್ಪೆಯು ಕೆಲವು ವರ್ಷ ಕುಣಿದು ಮರೆಯಾಯಿತು. 1936ರಲ್ಲಿ ಆತನ ಸ್ಟುಡಿಯೊ ಮುಚ್ಚಿತು. ಇತ್ತ ಮಿಕ್ಕಿಯು ಲೋಕವನ್ನೇ ಸುತ್ತಿದನು. 1932ರಲ್ಲಿ ಹಾಲಿವುಡ್ಡಿನ ಅಕಾಡೆಮಿಯು ಮಿಕ್ಕಿಯ ಸೃಷ್ಟಿಗಾಗಿ ವಿಶೇಷ ಪ್ರಶಸ್ತಿಯನ್ನು ವಾಲ್ಟನೊಬ್ಬನಿಗೇ ಕೊಟ್ಟಿತು. ಪ್ರಶಸ್ತಿಯು ಅರ್ಧ ಸತ್ಯವನ್ನು ಹೇಳಿತು. ಆದರೆ ಸುಳ್ಳನ್ನು ಹೇಳಲಿಲ್ಲ.

ಚಿತ್ರ ಬರೆಯದ ವಾಲ್ಟನು ಹಾಗಾದರೆ ಮಾಡುತ್ತಿದ್ದುದೇನು? ಆತನು ಕಥೆಯನ್ನು ನೋಡುತ್ತಿದ್ದನು. ಯಾವ ಹಾಸ್ಯ ಉಳಿಯಬೇಕು, ಯಾವುದು ಹೋಗಬೇಕು, ಯಾವ ಕೆಲಸಕ್ಕೆ ಯಾರು ತಕ್ಕವರು ಎಂದು ನಿರ್ಣಯಿಸುವುದರಲ್ಲಿ ಆತನಿಗೆ ಸಮಾನರಿರಲಿಲ್ಲ. ಕೆಲಸಗಾರರಿಗೆಂದು ಡಾನ್ ಗ್ರಹಾಮ್ ಎಂಬ ಗುರುವನ್ನು ಕರೆಸಿ ಸ್ಟುಡಿಯೊದಲ್ಲಿಯೇ ಚಿತ್ರಕಲೆಯ ತರಗತಿಗಳನ್ನು ನಡೆಸಿದನು. 1934ರಲ್ಲಿ ಒಂದು ರಾತ್ರಿ ತನ್ನ ಚಿತ್ರಕಾರರನ್ನು ಕೂಡಿಸಿ, ಸ್ನೋ ವೈಟ್ ರಾಜಕುಮಾರಿಯ ಕಥೆಯನ್ನು ಮೊದಲಿನಿಂದ ಕಡೆಯವರೆಗೆ, ರಾಣಿಯಾಗಿ, ಕುಬ್ಜರಾಗಿ, ಒಬ್ಬನೇ ಅಭಿನಯಿಸಿ ತೋರಿಸಿದನು. ಪೂರ್ಣ ಪ್ರಮಾಣದ ಕಾರ್ಟೂನು ಚಿತ್ರವನ್ನು ಯಾರು ಕುಳಿತು ನೋಡುತ್ತಾರೆಂದು ಹಾಲಿವುಡ್ಡು ನಕ್ಕಿತು. ಖರ್ಚು ಸುಮಾರು 15 ಲಕ್ಷ ಡಾಲರಿಗೆ ಏರಿತು. ಬ್ಯಾಂಕಿನವರನ್ನು ಒಪ್ಪಿಸಿ ಸಾಲ ತರುವ ಭಾರ ರಾಯ್‌ನ ಮೇಲೆ ಬಿತ್ತು. 1937ರ ಡಿಸೆಂಬರ್ 21ರಂದು ಚಿತ್ರವು ತೆರೆಕಂಡಾಗ ನಗಲು ಬಂದವರು ಕಣ್ಣೊರೆಸಿಕೊಂಡರು. ಆ ಒಂದು ರಾತ್ರಿಯ ಅಭಿನಯವಿಲ್ಲದಿದ್ದರೆ ಚಿತ್ರವಿಲ್ಲ. ನೂರಾರು ಜನರ ಮೂರು ವರ್ಷಗಳ ದುಡಿಮೆಯಿಲ್ಲದಿದ್ದರೆ ಅಭಿನಯವು ಆ ರಾತ್ರಿಯೇ ಮುಗಿದುಹೋಗುತ್ತಿತ್ತು.

ಈ ಚಿತ್ರದ ಆರಂಭದಲ್ಲಿ ವಾಲ್ಟನು ತನ್ನ ಸಿಬ್ಬಂದಿಯ ನಿಷ್ಠೆಗೂ ಪ್ರತಿಭೆಗೂ ಕೃತಜ್ಞತೆ ಸೂಚಿಸಿ ಹಲವರ ಹೆಸರುಗಳನ್ನು ಹಾಕಿಸಿದನು. ಆದರೆ ರಾಜಕುಮಾರಿಗೆ ಕಂಠವನ್ನಿತ್ತ ಏಡ್ರಿಯಾನಾ ಕ್ಯಾಸೆಲೋಟಿಯ ಹೆಸರು ಅಲ್ಲಿಲ್ಲ. ಚಿತ್ರಗಳನ್ನು ಹಾಳೆಗೆ ತೀಡಿ ಬಣ್ಣ ತುಂಬಿದ ನೂರಕ್ಕೂ ಹೆಚ್ಚು ಮಂದಿ ಹೆಂಗಸರಲ್ಲಿ ಹೆಚ್ಚಿನವರ ಹೆಸರೂ ಇಲ್ಲ. ಹೆಣ್ಣುಮಕ್ಕಳಿಗೆ ಚಲಿಸುವ ಚಿತ್ರ ಬರೆಯುವ ಕೆಲಸವನ್ನು ಆ ಕಾಲದಲ್ಲಿ ಕೊಡುತ್ತಲೇ ಇರಲಿಲ್ಲ. ಹಗಲೆಲ್ಲ ಬಗ್ಗಿ ಕುಳಿತು, ಕೈ ನಡುಗದಂತೆ ಗೆರೆಯನ್ನೆಳೆದು, ಹಾಳೆಯ ಮೇಲೆ ಧೂಳು ಕೂರದಂತೆ ನೋಡಿಕೊಂಡು, ಕಡಮೆ ಸಂಬಳಕ್ಕೆ ಅವರು ದುಡಿದರು.

ಈ ಹೆಂಗಸರ ವಿಷಯವನ್ನು ಓದಿದಾಗ ನನಗೆ ನಮ್ಮ ತಾಯಿಯವರ ನೆನಪಾಗದಿರಲಿಲ್ಲ. ಅವರು ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ಮೊರವನ್ನಿಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿಯನ್ನು ಹಾಕಿ ಸುತ್ತಿ, ನೂಲು ಕಟ್ಟುತ್ತಾರೆ. ಆ ದುಡಿಮೆಯಿಂದಲೇ ನಮ್ಮ ಮನೆತನದಲ್ಲಿ ಮೊದಲಿಗನಾಗಿ ನಾನು ಪದವಿ ತರಗತಿಗೆ ಬಂದುದು. ಕಟ್ಟಿನ ಮೇಲೆ ಅಂಟಿಸುವ ಚೀಟಿಯಲ್ಲಿ ಇರುವುದು ಯಜಮಾನರ ಭಾವಚಿತ್ರ. ಅದಕ್ಕಾಗಿ ತಾಯಿಯವರಿಗೆ ಬೇಸರವಿಲ್ಲ. ಆ ಚೀಟಿಯಿಲ್ಲದೆ ಬೀಡಿ ಮಾರುವುದಿಲ್ಲವೆಂಬುದು ಅವರಿಗೂ ಗೊತ್ತು. ಆದರೆ ಒಂದು ವಿಷಯವನ್ನು ನಾನು ಕಂಡಿದ್ದೇನೆ. ಬೀಡಿಗಳು ಸಡಿಲವಾಗಿದ್ದರೆ ಕಟ್ಟಿದವರು ಯಾರೆಂಬುದನ್ನು ಕೂಡಲೆ ಹುಡುಕಿ ಹಿಂದಕ್ಕೆ ಕೊಡುತ್ತಾರೆ. ಎಲ್ಲವೂ ಚೆನ್ನಾಗಿದ್ದರೆ ಕಟ್ಟಿದವರು ಯಾರೆಂದು ಕೇಳುವವರಿಲ್ಲ. ತಪ್ಪಿಗೆ ಹೆಸರುಂಟು, ಒಪ್ಪಿಗೆ ಹೆಸರಿಲ್ಲ. ಹೀಗಿರುವಾಗ ಶ್ರೇಯಸ್ಸಿನ ಪ್ರಶ್ನೆಯು ದೊಡ್ಡ ಕಲಾವಿದರ ಅಭಿಮಾನದ ಪ್ರಶ್ನೆ ಮಾತ್ರವೆಂದು ನನಗೆ ತೋರುವುದಿಲ್ಲ. ಅದು ದುಡಿದು ಬದುಕುವವರೆಲ್ಲರ ಪ್ರಶ್ನೆ.

ಡಿಸ್ನಿಯ ಸ್ಟುಡಿಯೊದಲ್ಲಿ ಈ ಪ್ರಶ್ನೆಯು 1941ರ ಮೇ 29ರಂದು ಬೀದಿಗೆ ಬಂದಿತು. ಸಂಬಳದಲ್ಲಿ ತಾರತಮ್ಯ, ಕೆಲಸದ ಅಭದ್ರತೆ ಇವುಗಳ ಜೊತೆಗೆ, ಕಿರುಚಿತ್ರಗಳಲ್ಲಿ ವಾಲ್ಟನ ಹೆಸರಲ್ಲದೆ ಮತ್ತಾರ ಹೆಸರೂ ಇಲ್ಲವೆಂಬ ಕೊರಗೂ ಒಳಗೇ ಹೊಗೆಯಾಡುತ್ತಿತ್ತು. ಸ್ನೋ ವೈಟ್ ಚಿತ್ರದ ರಾಣಿಯನ್ನು ಬರೆದ ಆರ್ಟ್ ಬ್ಯಾಬಿಟ್ಟನು ಹೆಚ್ಚು ಸಂಬಳ ಪಡೆಯುತ್ತಿದ್ದ ಹಿರಿಯ ಚಿತ್ರಕಾರರಲ್ಲೊಬ್ಬನು. ಆದರೂ ಕೆಳಗಿನವರ ಪರವಾಗಿ ನಿಂತು ಸಂಘದ ಮುಖಂಡನಾದನು. ಆತನನ್ನು ಕೆಲಸದಿಂದ ತೆಗೆದುಹಾಕಿದೊಡನೆ ನೂರಾರು ಜನರು ಮುಷ್ಕರ ಹೂಡಿದರು. ವಾಲ್ಟನಿಗೆ ಇದು ಮನೆಯ ಮಕ್ಕಳು ಮಾಡಿದ ದ್ರೋಹದಂತೆ ತೋರಿತು. ಆಗಸ್ಟಿನಲ್ಲಿ ಆತನು ದಕ್ಷಿಣ ಅಮೆರಿಕದ ಪ್ರವಾಸಕ್ಕೆ ಹೊರಟನು. ಕೊನೆಯ ರಾಜಿಯು ಆತನಿಲ್ಲದಾಗ ಆಯಿತು. ಸಂಘಕ್ಕೆ ಮಾನ್ಯತೆ ದೊರೆಯಿತು. ಬರಬರುತ್ತ ಕಿರುಚಿತ್ರಗಳಲ್ಲಿಯೂ ಚಿತ್ರಕಾರರ ಹೆಸರುಗಳು ಕಾಣತೊಡಗಿದವು. ವಾಲ್ಟನು ಮಾತ್ರ ಅದನ್ನು ಮರೆಯಲಿಲ್ಲ. 1947ರಲ್ಲಿ ವಾಷಿಂಗ್ಟನ್ನಿನ ವಿಚಾರಣಾ ಸಮಿತಿಯ ಮುಂದೆ ಹೋಗಿ, ಮುಷ್ಕರವು ಕಮ್ಯೂನಿಸ್ಟರ ಕೈವಾಡವೆಂದು ಸಾಕ್ಷ್ಯ ನುಡಿದನು. ಆತನ ಜೀವನದಲ್ಲಿ ಮೆಚ್ಚತಕ್ಕ ಪ್ರಸಂಗವಲ್ಲ ಇದು.

ಹೆಸರಿಲ್ಲದ ದುಡಿಮೆಯು ಪತ್ರಿಕೆಗಳಲ್ಲಿಯೂ ನಡೆಯುತ್ತಿತ್ತು. ದಿನಪತ್ರಿಕೆಗಳಲ್ಲಿ ಬರುತ್ತಿದ್ದ ಮಿಕ್ಕಿಯ ಚಿತ್ರಕಥೆಯನ್ನು 1930ರಿಂದ 1975ರವರೆಗೆ ಬರೆದವನು ಫ್ಲಾಯ್ಡ್ ಗಾಟ್‌ಫ್ರೆಡ್‌ಸನ್. ಅದರ ಕೆಳಗಿದ್ದ ಸಹಿಯು ವಾಲ್ಟ್ ಡಿಸ್ನಿಯದು. ಡೊನಾಲ್ಡ್ ಬಾತುಕೋಳಿಯ ಸೋದರಮಾವನಾದ ಸ್ಕ್ರೂಜನನ್ನು 1947ರಲ್ಲಿ ಸೃಷ್ಟಿಸಿದವನು ಕಾರ್ಲ್ ಬಾರ್ಕ್ಸ್. ಆತನ ಹೆಸರನ್ನು ತಿಳಿಯಲು ಓದುಗರು ವರ್ಷಗಟ್ಟಲೆ ಕಾಯಬೇಕಾಯಿತು.

ಐವರ್ಕ್ಸನು 1940ರಲ್ಲಿ ಹಳೆಯ ಗೆಳೆಯನಲ್ಲಿಗೆ ಮರಳಿ ಬಂದನೆಂಬುದನ್ನು ಇಲ್ಲಿ ಹೇಳಬೇಕು. ಈ ಸಲ ಆತನು ಬಂದುದು ಚಿತ್ರಕಾರನಾಗಿ ಅಲ್ಲ, ಯಂತ್ರಕುಶಲನಾಗಿ. ಬರೆದ ಚಿತ್ರವನ್ನು ಜೆರಾಕ್ಸ್ ವಿಧಾನದಿಂದ ನೇರವಾಗಿ ಹಾಳೆಗೆ ಇಳಿಸುವ ಆತನ ಉಪಾಯದಿಂದಲೇ 1961ರಲ್ಲಿ 101 ನಾಯಿಮರಿಗಳ ಚಿತ್ರವು ಸಾಧ್ಯವಾಯಿತು. 1964ರ ಮೇರಿ ಪಾಪಿನ್ಸ್ ಚಿತ್ರದಲ್ಲಿ ನಟರನ್ನೂ ಬರೆದ ಚಿತ್ರಗಳನ್ನೂ ಒಂದೇ ತೆರೆಯ ಮೇಲೆ ಕೂಡಿಸಿದ ತಂತ್ರಕ್ಕಾಗಿ ಆತನಿಗೂ ಸಂಗಡಿಗರಿಗೂ ಅಕಾಡೆಮಿಯ ಪ್ರಶಸ್ತಿ ಸಂದಿತು. ಬಿಟ್ಟುಹೋದವನನ್ನು ಮರಳಿ ಸೇರಿಸಿಕೊಂಡು, ಆತನಿಗೆ ತಕ್ಕ ಕೆಲಸವನ್ನು ಒದಗಿಸಿದುದು ವಾಲ್ಟನ ದೊಡ್ಡತನಕ್ಕೆ ಸಾಕ್ಷಿ. 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡಿನ ಮುಖ್ಯ ಬೀದಿಯಲ್ಲಿ ಅಂಗಡಿಗಳ ಕಿಟಕಿಗಳ ಮೇಲೆ, ಅದನ್ನು ಕಟ್ಟಲು ನೆರವಾದವರ ಹೆಸರುಗಳನ್ನು ಬರೆಸಲಾಯಿತು. ಕೂಲಿ ಕೊಡದಿದ್ದ ತಂದೆ ಎಲಿಯಾಸನ ಹೆಸರೂ ಒಂದು ಕಿಟಕಿಯ ಮೇಲಿದೆ.

1966ರ ಡಿಸೆಂಬರ್ 15ರಂದು ವಾಲ್ಟ್ ಡಿಸ್ನಿಯು ಶ್ವಾಸಕೋಶದ ಕ್ಯಾನ್ಸರಿನಿಂದ ತನ್ನ 65ನೆಯ ವಯಸ್ಸಿನಲ್ಲಿ ತೀರಿಕೊಂಡನು. ವಿಶ್ರಾಂತಿಯ ವಯಸ್ಸು ದಾಟಿದ್ದ ರಾಯ್, ತಮ್ಮನ ಕನಸಾದ ಫ್ಲಾರಿಡಾದ ಉದ್ಯಾನವನ್ನು ಪೂರ್ತಿಗೊಳಿಸಲು ನಿಂತನು. 1971ರ ಅಕ್ಟೋಬರ್‌ನಲ್ಲಿ ಅದನ್ನು ತೆರೆದಾಗ, ಅದಕ್ಕೆ ಬರಿಯ ಡಿಸ್ನಿ ಎಂಬ ಮನೆತನದ ಹೆಸರು ಸಾಲದು, ವಾಲ್ಟ್ ಎಂಬ ತಮ್ಮನ ಹೆಸರೂ ಸೇರಿರಬೇಕೆಂದು ಹಟಮಾಡಿ ಹಾಗೆಯೇ ಇಡಿಸಿದನು. ಆ ವರ್ಷದ ಡಿಸೆಂಬರ್‌ನಲ್ಲಿ ರಾಯ್ ಕಣ್ಣುಮುಚ್ಚಿದನು. ಐವರ್ಕ್ಸನು ಅದೇ ಜುಲೈಯಲ್ಲಿ ಗತಿಸಿದ್ದನು. ಕಳೆದುಹೋಗಿದ್ದ ಆಸ್ವಾಲ್ಡ್ ಮೊಲವು 2006ರಲ್ಲಿ ಡಿಸ್ನಿ ಸಂಸ್ಥೆಗೆ ಮರಳಿ ಬಂದಿತು. ಡಿಸ್ನಿ ಸಂಸ್ಥೆಯು ತನ್ನ ಮಾನ್ಯರ ಪಟ್ಟಿಗೆ ಐವರ್ಕ್ಸನನ್ನು 1989ರಲ್ಲಿಯೂ ಬ್ಯಾಬಿಟ್ಟನನ್ನು 2007ರಲ್ಲಿಯೂ ಸೇರಿಸಿತು. ಎರಡೂ ಗೌರವಗಳು ಅವರ ಮರಣಾನಂತರ ಬಂದವು. 2024ರ ಜನವರಿ 1ರಂದು ಸ್ಟೀಮ್‌ಬೋಟ್ ವಿಲ್ಲಿಯ ಹಕ್ಕಿನ ಅವಧಿಯು ಅಮೆರಿಕದಲ್ಲಿ ತೀರಿ, ಆ ಮೊದಲ ಮಿಕ್ಕಿಯು ಸಾರ್ವಜನಿಕರ ಸೊತ್ತಾದನು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಡಿಸ್ನಿಯು ಏನನ್ನೂ ಮಾಡದೆ ಪರರ ದುಡಿಮೆಯ ಮೇಲೆ ಹೆಸರು ಬರೆದುಕೊಂಡವನೆಂಬ ಮಾತು ಸುಳ್ಳು. ಫ್ಲಿಪ್ ಕಪ್ಪೆಯ ಕಥೆಯೇ ಅದಕ್ಕೆ ಉತ್ತರ. ಎಲ್ಲವನ್ನೂ ಆತನೇ ಮಾಡಿದನೆಂಬ ಮಾತೂ ಸುಳ್ಳು. ಗ್ಯಾರೇಜಿನಲ್ಲಿ ಬಣ್ಣ ತುಂಬಿದ ಮೂವರು ಹೆಂಗಸರೇ ಅದಕ್ಕೆ ಸಾಕ್ಷಿ. ಕೀರ್ತಿಯನ್ನು ರೊಟ್ಟಿಯಂತೆ ತುಂಡುಮಾಡಿ ಇವನಿಗಿಷ್ಟು ಅವನಿಗಿಷ್ಟು ಎಂದು ಹಂಚಹೊರಟರೆ ಜಗಳವು ಮುಗಿಯುವುದಿಲ್ಲ. ಯಾರು ಯಾವುದನ್ನು ಮಾಡಿದರೋ ಅದನ್ನು ಅವರ ಹೆಸರಿನಲ್ಲಿ ಹೇಳಿದರೆ ಸಾಕು. ಮಿಕ್ಕಿಯ ರೂಪವೂ ಕುಣಿತವೂ ಐವರ್ಕ್ಸನದು, ತಾಳವು ಜ್ಯಾಕ್ಸನನದು, ಹಣದ ಚಿಂತೆ ರಾಯ್‌ನದು, ಕಂಠ, ಸ್ವಭಾವ, ಹಟ ಮತ್ತು ಇವರೆಲ್ಲರನ್ನೂ ಒಂದು ಕಡೆ ಕೂಡಿಸಿದ ಶಕ್ತಿ ವಾಲ್ಟನದು. ಈ ಕೊನೆಯದು ಸಣ್ಣ ಶ್ರೇಯಸ್ಸಲ್ಲ.

ಆತನ ತಪ್ಪು ಇದ್ದುದು ಬೇರೆ ಕಡೆ. ಆಸ್ವಾಲ್ಡನನ್ನು ಕಳೆದುಕೊಂಡಾಗ ಒಡೆತನವನ್ನು ಬಿಡಬಾರದೆಂಬ ಪಾಠವನ್ನು ಕಲಿತನು. ತಾನು ಮಾಡಿದುದರ ಮೇಲೆ ಮತ್ತೊಬ್ಬನ ಹೆಸರನ್ನು ಕಂಡಾಗ ಮನುಷ್ಯನಿಗೆ ಆಗುವ ನೋವು ಎಂಥದೆಂಬುದೂ ಅಂದೇ ಆತನಿಗೆ ತಿಳಿದಿರಬೇಕು. ಆ ನೋವು ತನ್ನ ಮೇಜುಗಳ ಬಳಿ ಬಗ್ಗಿ ಕುಳಿತವರಿಗೂ ಇರಬಹುದೆಂದು ಎಣಿಸಲಿಲ್ಲ. ಪಾಠದ ಅರ್ಧವನ್ನು ಮಾತ್ರ ಕಲಿತನು.

ಎಲ್ಲರ ಹೆಸರನ್ನೂ ಹೇಳಿದರೆ ನಾಯಕನ ಕೀರ್ತಿ ಕುಂದುತ್ತದೆಂದು ಭಯಪಡುವವರು ನಮ್ಮ ಬೇಲೂರನ್ನು ನೆನೆಯಬಹುದು. 1117ರಲ್ಲಿ ಆ ದೇವಾಲಯವನ್ನು ಪ್ರತಿಷ್ಠಿಸಿದವನು ವಿಷ್ಣುವರ್ಧನ. ಅಲ್ಲಿಯ ಮದನಿಕೆಯರ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕಂಡರಿಸಿದ್ದಾರೆ. ಅದರಿಂದ ವಿಷ್ಣುವರ್ಧನನ ಕೀರ್ತಿಯು ಒಂದು ಎಳ್ಳಿನಷ್ಟೂ ಕಡಮೆಯಾಗಿಲ್ಲ. ದೊರೆಯ ಹೆಸರಿಗೂ ಶಿಲ್ಪಿಗಳ ಹೆಸರುಗಳಿಗೂ ಆ ಒಂದೇ ಗುಡಿಯಲ್ಲಿ ಸ್ಥಳ ಸಾಲದೆ ಹೋಗಲಿಲ್ಲ. ಡಿಸ್ನಿಯನ್ನು ಪ್ರೀತಿಸುವವರೂ ಐವರ್ಕ್ಸ್, ರಾಯ್, ಲಿಲಿಯನ್, ಹೇಜಲ್, ಎಡ್ನಾ, ಜ್ಯಾಕ್ಸನ್, ಬ್ಯಾಬಿಟ್, ಗಾಟ್‌ಫ್ರೆಡ್‌ಸನ್, ಬಾರ್ಕ್ಸ್ ಎಂಬ ಈ ಹೆಸರುಗಳನ್ನು ಆತನ ಹೆಸರಿನ ಜೊತೆಯಲ್ಲಿಯೇ ಉಚ್ಚರಿಸಲೆಂದು ಸಹಪಾಠಿ ಮಿತ್ರರಲ್ಲಿಯೂ ಗುರುಗಳಲ್ಲಿಯೂ ವಿನಯಪೂರ್ವಕವಾಗಿ ಅರಿಕೆಮಾಡಿಕೊಳ್ಳುತ್ತೇನೆ.